ಹದ್ದು ಬಾರದ ಬಯಲು

ಹಿರೇಕೆರೂರು ಎಂಬ ಹೆಸರೇ ಆ ಊರಿನ ಪರಿಚಯವನ್ನು ಹೇಳಿಬಿಡುತ್ತದೆ. ಮಲೆನಾಡಿನ ಹಸಿರು ಮುಗಿದು ಬಯಲುಸೀಮೆ ತೊಡಗುವ ಸೆರಗಿನಲ್ಲಿ, ಹಿರಿದಾದ ಕೆರೆಯ ಮಗ್ಗುಲಲ್ಲಿ ಬೆಳೆದ ಊರು ಅದು. ಸರ್ವಜ್ಞನ ನೆನಪನ್ನು ಹೊತ್ತ ಸೀಮೆ. ದನಕರುಗಳನ್ನು ಮನೆಯ ಮಕ್ಕಳಂತೆ ಸಾಕುವ ಸೀಮೆ. ದೀಪಾವಳಿಯ ದಿನಗಳಲ್ಲಿ ಕೊರಳಿಗೆ ಕೊಬ್ಬರಿಯ ಹಾರ ಹಾಕಿ, ಮೈಗೆ ಬಣ್ಣದ ಜೂಲ ಹೊದಿಸಿ ಹೋರಿಗಳನ್ನು ಓಡಿಸುವ ಸಂಭ್ರಮವನ್ನು ಒಮ್ಮೆ ಕಂಡವರಿಗೆ, ಇಲ್ಲಿಯ ಒಕ್ಕಲಿಗನಿಗೆ ತನ್ನ ಎತ್ತಿನ ಮೇಲಿರುವ ಅಭಿಮಾನ ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಳೆದ ಬೇಸಗೆಯಲ್ಲಿ ಆ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ದೊಡ್ಡಪ್ಪನವರ ಮನೆಗೆ ಮಕ್ಕಳೊಡನೆ ಹೋಗಿದ್ದೆ. ಸಂಜೆಯ ತಂಪಿನಲ್ಲಿ ಹೊಲದ ಕಡೆಗೆ ಹೊರಟಾಗ, ಊರ ಹೊರಗಿನ ಬಯಲಿನಲ್ಲಿ ಸತ್ತ ಎಮ್ಮೆಯೊಂದು ಬಿದ್ದಿತ್ತು. ಸುತ್ತಲೂ ಹತ್ತಾರು ನಾಯಿಗಳು ಗುರುಗುಟ್ಟುತ್ತಿದ್ದುವು. ಗಾಳಿ ನಮ್ಮ ಕಡೆಗೆ ಬೀಸಿದೊಡನೆ ಮಕ್ಕಳು ಮೂಗು ಮುಚ್ಚಿಕೊಂಡು ಓಡಿದರು.

“ನಾವು ಸಣ್ಣಾವರಿದ್ದಾಗ ಹೀಂಗ ಇರಲಿಲ್ಲ ತಮ್ಮಾ,” ಎಂದರು ದೊಡ್ಡಪ್ಪ. “ದನ ಸತ್ತ ಸುದ್ದಿ ಊರಿಗೆ ಮುಟ್ಟೂದರಾಗ ಹದ್ದಿಗೆ ಮುಟ್ಟಿರತಿತ್ತು. ಮುಂಜಾನೆ ಎಳದ ಹಾಕಿದ್ರ ಸಂಜಿಗೆ ಬರೇ ಎಲಬು. ಈಗ ಅವು ಬರೂದಿಲ್ಲ. ಬರೂದು ಬಿಟ್ಟು ಇಪ್ಪತ್ತೈದು ವರ್ಷದ ಮ್ಯಾಲಾತು.”

“ಎಲ್ಲಿಗೆ ಹೋದುವು ಅಜ್ಜಾ?” ಎಂದು ಕೇಳಿದಳು ನನ್ನ ಕಿರಿಯ ಮಗಳು.

ದೊಡ್ಡಪ್ಪ ಬರಿದಾದ ಆಕಾಶವನ್ನೊಮ್ಮೆ ನೋಡಿ ಸುಮ್ಮನಾದರು. ನನಗೂ ಅಂದು ಉತ್ತರ ತಿಳಿದಿರಲಿಲ್ಲ. ಬೆಂಗಳೂರಿಗೆ ಹಿಂದಿರುಗಿದ ತರುವಾಯ ಆ ಪ್ರಶ್ನೆಯ ಬೆನ್ನು ಹತ್ತಿ ಹೋದೆ. ದೂರದ ರಾಜಸ್ಥಾನ, ಪಾಕಿಸ್ತಾನಗಳನ್ನೆಲ್ಲ ಸುತ್ತಿದ ಆ ಕಥೆ ಕಡೆಗೆ ಬಂದು ನಿಂತುದು ದೊಡ್ಡಪ್ಪನವರ ಕೊಟ್ಟಿಗೆಯ ಬಾಗಿಲಲ್ಲಿಯೇ.

ಹೆಸರಿಗೆ ಅಂಟಿದ ಅಪವಾದ

ರಣಹದ್ದು ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಒಂದು ಬಗೆಯ ಜುಗುಪ್ಸೆ ಮೂಡುತ್ತದೆ. ರಣರಂಗದಲ್ಲಿ ಹೆಣಗಳ ಮೇಲೆ ಎರಗುವ ಹಕ್ಕಿ ಎಂದು ಕವಿಗಳು ಬಣ್ಣಿಸಿದರು. ಬೋಳಾದ ತಲೆ, ನೀಳವಾದ ಕೊರಳು, ಕೊಕ್ಕೆಯಂಥ ಕೊಕ್ಕು ಇವೆಲ್ಲ ಸೇರಿ ಅದನ್ನು ಅಪಶಕುನದ ಪ್ರಾಣಿಯನ್ನಾಗಿ ಮಾಡಿದುವು. ಸೀತೆಗಾಗಿ ಪ್ರಾಣ ಕೊಟ್ಟ ಜಟಾಯುವೂ ಹದ್ದಿನ ಕುಲದವನೇ ಎಂಬುದನ್ನು ನಾವು ಮರೆತೇಬಿಟ್ಟೆವು.

ವಾಸ್ತವವಾಗಿ ರಣಹದ್ದು ಬಹು ಸಾಧುವಾದ ಪಕ್ಷಿ. ಬೇಟೆಯಾಡುವ ಗಿಡುಗನ ಉಗುರಿನ ಬಲ ಅದರ ಕಾಲಿಗಿಲ್ಲ. ಸತ್ತುದನ್ನು ತಿಂದು ನೆಲವನ್ನು ಚೊಕ್ಕಟ ಮಾಡುವುದೇ ಅದರ ಕಸುಬು. ತಲೆಯ ಮೇಲೆ ಗರಿ ಇಲ್ಲದಿರುವುದರಿಂದ ಕಳೇಬರದೊಳಗೆ ತಲೆ ಹಾಕಿದರೂ ಹೊಲಸು ಮೆತ್ತಿಕೊಳ್ಳುವುದಿಲ್ಲ. ಜಠರದಲ್ಲಿರುವ ಆಮ್ಲವು ಎಷ್ಟು ತೀಕ್ಷ್ಣವೆಂದರೆ, ಕೊಳೆತ ಮಾಂಸದಲ್ಲಿರುವ ಬಹುತೇಕ ರೋಗಾಣುಗಳು ಅಲ್ಲಿ ಜೀರ್ಣವಾಗಿಹೋಗುತ್ತವೆ. ಸಂಬಳ ಬೇಡದ, ರಜೆ ಕೇಳದ ಇಂಥ ಪೌರಸೇವಕರು ಒಂದು ಕಾಲದಲ್ಲಿ ನಮ್ಮ ದೇಶದ ಊರೂರಿನ ಆಕಾಶದಲ್ಲಿಯೂ ಇದ್ದರು.

ಆದರೆ ಸಂತಾನದ ವಿಷಯದಲ್ಲಿ ಈ ಹಕ್ಕಿಯದು ಬಲು ನಿಧಾನ. ಪ್ರಾಯಕ್ಕೆ ಬರಲು ಸುಮಾರು ಐದು ವರ್ಷ ಬೇಕು. ಆಮೇಲೆ ಜೋಡಿಗೆ ವರ್ಷಕ್ಕೊಂದೇ ಮೊಟ್ಟೆ. ತಂದೆತಾಯಿಗಳಿಬ್ಬರೂ ಸರದಿಯ ಮೇಲೆ ಕಾವು ಕೊಟ್ಟು, ತಿಂಗಳುಗಟ್ಟಲೆ ಉಣಿಸಿ ಆ ಒಂದು ಮರಿಯನ್ನು ಬೆಳೆಸಬೇಕು. ದೀರ್ಘಾಯುಷ್ಯವೇ ಅದರ ವಂಶದ ಆಧಾರ. ಬೆಳೆದ ಹಕ್ಕಿಗಳು ಅಕಾಲದಲ್ಲಿ ಸಾಯತೊಡಗಿದರೆ ಆ ನಷ್ಟ ಸುಲಭವಾಗಿ ತುಂಬಿಬರುವಂತಹುದಲ್ಲ.

ಭರತಪುರದಲ್ಲಿ ಕವಿದ ಮೌನ

ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಪಕ್ಷಿಧಾಮವಿದೆ. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಮುನ್ನೂರಕ್ಕೂ ಹೆಚ್ಚು ಜೋಡಿಗಳು ಅಲ್ಲಿ ಗೂಡು ಕಟ್ಟುತ್ತಿದ್ದುವು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು 1990ರ ದಶಕದ ಕೊನೆಯ ಭಾಗದಲ್ಲಿ ಮತ್ತೆ ಅಲ್ಲಿಗೆ ಹೋಗಿ ನೋಡಿದಾಗ, ಗೂಡುಗಳು ಒಂದೊಂದಾಗಿ ಬರಿದಾಗುತ್ತಿದ್ದುವು. ಉಳಿದ ಹಕ್ಕಿಗಳು ಕೊರಳು ಜೋಲುಬಿಟ್ಟು, ತೂಕಡಿಸುವವರಂತೆ ಕೊಂಬೆಯ ಮೇಲೆ ಕುಳಿತಿರುತ್ತಿದ್ದುವು. ಕೆಲವು ದಿನಗಳಲ್ಲಿ ಕೆಳಗುರುಳುತ್ತಿದ್ದುವು. ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಒಂದು ಗೂಡೂ ಉಳಿಯಲಿಲ್ಲ.

ಇದು ಭರತಪುರವೊಂದರ ಕಥೆಯಲ್ಲ. 1992ರಿಂದ 2007ರವರೆಗಿನ ಹದಿನೈದು ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದು ಮಾತ್ರ ಉಳಿಯಿತು. ಉದ್ದಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಾರಕ್ಕೂ ಮಿಕ್ಕಿ ಇಲ್ಲವಾದುವು. ಇಷ್ಟು ಸಮೃದ್ಧವಾಗಿದ್ದ ಪಕ್ಷಿಯೊಂದು ಇಷ್ಟು ಬೇಗ ಕಣ್ಮರೆಯಾದ ಉದಾಹರಣೆ ಇತಿಹಾಸದಲ್ಲಿ ವಿರಳ.

ಸಾಂಕ್ರಾಮಿಕ ರೋಗವಿರಬಹುದೆಂದು ಮೊದಲು ಸಂಶಯಪಟ್ಟರು. ಕೀಟನಾಶಕವಿರಬಹುದೆಂದು ಕೆಲವರು ಊಹಿಸಿದರು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಮೂತ್ರಪಿಂಡಗಳು ಕೆಟ್ಟು, ಒಳಗಿನ ಅಂಗಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದಾರ್ಥವು ಹೆಪ್ಪುಗಟ್ಟಿದ್ದುದು ಕಂಡುಬಂದಿತು. ಕಾರಣ ಮಾತ್ರ ಹೊಳೆಯಲಿಲ್ಲ. ಕೊನೆಗೆ 2004ರಲ್ಲಿ, ಪಾಕಿಸ್ತಾನದಲ್ಲಿ ಸಂಶೋಧನೆ ನಡೆಸಿದ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಗುಟ್ಟನ್ನು ಬಯಲಿಗೆಳೆದರು. ಕೊಲೆಗಾರನ ಹೆಸರು ಡೈಕ್ಲೋಫೆನಾಕ್.

ಕೊಟ್ಟಿಗೆಯಿಂದ ಬಂಡೆಯವರೆಗೆ

ಈ ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸತಲ್ಲ. ಮಂಡಿನೋವಿಗೆ, ಬೆನ್ನುನೋವಿಗೆ ಎಂದು ವೈದ್ಯರು ಬರೆದುಕೊಡುವ ಮಾತ್ರೆ, ಮುಲಾಮುಗಳಲ್ಲಿ ಇದೇ ಔಷಧವಿರುವುದುಂಟು. 1990ರ ದಶಕದಲ್ಲಿ ಇದು ಅಗ್ಗದ ಬೆಲೆಗೆ ದನಗಳ ಚಿಕಿತ್ಸೆಗೂ ಬಂದಿತು. ಕಾಲು ಊದಿಕೊಂಡ ಎತ್ತು ಎದ್ದು ನಿಂತಿತು. ಕೆಚ್ಚಲು ಬಾವಿನಿಂದ ನರಳುತ್ತಿದ್ದ ಹಸುವಿಗೆ ನಿದ್ದೆ ಬಂದಿತು. ರೈತನು ಸಂತೋಷಪಟ್ಟುದರಲ್ಲಿ ತಪ್ಪೇನು?

ಗುಣವಾದ ದನದಿಂದ ಹದ್ದಿಗೆ ಯಾವ ಅಪಾಯವೂ ಇಲ್ಲ; ಕೆಲವೇ ದಿನಗಳಲ್ಲಿ ಔಷಧವು ಅದರ ಮೈಯಿಂದ ಹೊರಟುಹೋಗುತ್ತದೆ. ಆದರೆ ಸೂಜಿ ಹಾಕಿಸಿದ ಒಂದೆರಡು ದಿನಗಳಲ್ಲಿಯೇ ದನ ಸತ್ತರೆ, ಔಷಧವು ಅದರ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಹಕ್ಕಿ ಕೆಲವು ದಿನಗಳೊಳಗಾಗಿ ಸಾಯುತ್ತದೆ. ಹದ್ದುಗಳು ಪಂಕ್ತಿಭೋಜನದ ಹಕ್ಕಿಗಳಾದುದರಿಂದ ಒಂದು ಕಳೇಬರವು ಹತ್ತಾರನ್ನು ಒಮ್ಮೆಗೇ ಕೊಲ್ಲಬಲ್ಲುದು. ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಮೆ ಪ್ರಮಾಣದಲ್ಲಿ ಈ ವಿಷವಿದ್ದರೂ ಇಡೀ ಕುಲವು ನಾಶವಾಗಲು ಸಾಕೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಹದ್ದು ಹೋದರೆ ನಮಗೇನು ಎಂದು ಕೇಳುವವರೂ ಇರಬಹುದು. ಹದ್ದು ತಿನ್ನದ ಮಾಂಸವನ್ನು ನಾಯಿ ತಿಂದಿತು, ಇಲಿ ತಿಂದಿತು. ಉಳಿದುದು ಕೊಳೆತು ನೀರಿಗೆ ಸೇರಿತು. ನಾಯಿಗಳು ಹೆಚ್ಚಿದಂತೆ ಹುಚ್ಚುನಾಯಿಯ ಕಡಿತದ ಭಯವೂ ಹೆಚ್ಚಿತು. 2000ದಿಂದ 2005ರವರೆಗಿನ ಅವಧಿಯಲ್ಲಿ, ಹದ್ದುಗಳು ಇಲ್ಲವಾದ ಕಾರಣದಿಂದ ಭಾರತದಲ್ಲಿ ಸುಮಾರು ಐದು ಲಕ್ಷ ಮಂದಿ ಹೆಚ್ಚಾಗಿ ಸತ್ತರೆಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಅವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಮುಂಬಯಿಯ ಪಾರಸಿಗಳು ತಮ್ಮ ಮೃತರನ್ನು ಹದ್ದುಗಳಿಗೆ ಒಪ್ಪಿಸುವ ಪುರಾತನ ಸಂಪ್ರದಾಯವೂ ಕಷ್ಟಕ್ಕೆ ಸಿಕ್ಕಿತು. ಹದ್ದು ಮಾಡುತ್ತಿದ್ದ ಕೆಲಸಕ್ಕೆ ಅವರು ಕನ್ನಡಿಗಳಿಂದ ಬಿಸಿಲನ್ನು ಕೇಂದ್ರೀಕರಿಸುವ ಯಂತ್ರವನ್ನು ಅವಲಂಬಿಸಬೇಕಾಯಿತು.

ರಾಮದೇವರ ಬೆಟ್ಟದ ಅತಿಥಿಗಳು

ನಮ್ಮ ನಾಡಿನಲ್ಲಿ ಹದ್ದುಗಳು ಪೂರ್ಣವಾಗಿ ಅಳಿದಿಲ್ಲವೆಂಬುದೇ ಸಮಾಧಾನ. ಬಂಡೀಪುರ, ನಾಗರಹೊಳೆಗಳ ಕಾಡುಗಳಲ್ಲಿ ಬಿಳಿಬೆನ್ನಿನ ಹದ್ದುಗಳೂ ಕೆಂಪು ತಲೆಯ ಹದ್ದುಗಳೂ ಇನ್ನೂ ಕಾಣಸಿಗುತ್ತವೆ. ಅದಕ್ಕೆ ಕಾರಣವೂ ಸರಳವಾಗಿದೆ: ಹುಲಿ ತಿಂದುಳಿಸಿದ ಜಿಂಕೆ, ಕಾಟಿಗಳ ಮೈಯಲ್ಲಿ ಔಷಧವಿರುವುದಿಲ್ಲ. ಕಾಡು ಹದ್ದಿಗೆ ಬರಿಯ ವಸತಿಯಲ್ಲ, ವಿಷವಿಲ್ಲದ ಊಟದ ಮನೆಯೂ ಹೌದು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ರಾಮನಗರದ ಬಳಿ ಹೆಬ್ಬಂಡೆಗಳ ಸಾಲನ್ನು ಕಾಣುತ್ತಾರೆ. 1975ರಲ್ಲಿ ತೆರೆಕಂಡ ‘ಶೋಲೆ’ ಹಿಂದಿ ಚಿತ್ರವನ್ನು ತೆಗೆದುದು ಈ ಬಂಡೆಗಳ ನಡುವೆಯೇ. ಅವುಗಳಲ್ಲಿ ಒಂದಾದ ರಾಮದೇವರ ಬೆಟ್ಟದ ಕಡಿದಾದ ಮುಖದಲ್ಲಿ, ಮನುಷ್ಯನ ಕೈಗೆಟುಕದ ಚಾಚುಗಲ್ಲುಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ತಲೆತಲಾಂತರದಿಂದ ಗೂಡು ಕಟ್ಟಿವೆ. 2012ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಸುಮಾರು 346 ಹೆಕ್ಟೇರಿನಷ್ಟು ಪ್ರದೇಶವನ್ನು ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿತು. ಈ ಹಕ್ಕಿಗೆಂದೇ ಮೀಸಲಾದ ಅಭಯಾರಣ್ಯ ದೇಶದಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ.

ಜಾಗವನ್ನು ಕಾದಿಟ್ಟರೆ ಸಾಕೆ? ಸಾಲದು. ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳನ್ನು ಬೆರಳುಗಳ ಮೇಲೆ ಎಣಿಸಬಹುದು. ಹದ್ದು ಬಿಸಿಗಾಳಿಯ ಕಂಬವನ್ನೇರಿ, ರೆಕ್ಕೆ ಬಡಿಯದೆ, ಒಂದೇ ದಿನದಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿ ತೇಲಿಹೋಗಬಲ್ಲುದು. ಅಭಯಾರಣ್ಯದ ಗಡಿಕಲ್ಲು ಅದಕ್ಕೆ ಕಾಣುವುದಿಲ್ಲ. ಗೂಡು ಸರ್ಕಾರದ ರಕ್ಷಣೆಯಲ್ಲಿದ್ದರೂ ಊಟವು ಯಾವುದೋ ದೂರದ ಹಳ್ಳಿಯ ಬಯಲಿನಲ್ಲಿರುತ್ತದೆ. ಬಂಡೆಯನ್ನು ಕಾಯುವವರು ಅರಣ್ಯ ಇಲಾಖೆಯವರು; ಊಟವನ್ನು ಕಾಯಬೇಕಾದವರು ದನ ಸಾಕುವವರೆಲ್ಲರೂ.

ಮರ ನೆಟ್ಟು ಕಳೆದುಕೊಂಡ ಹಕ್ಕಿ

ಒಳ್ಳೆಯದನ್ನು ಮಾಡಹೋಗಿ ಹಕ್ಕಿಯನ್ನು ಕಳೆದುಕೊಂಡುದಕ್ಕೆ ಇನ್ನೊಂದು ನಿದರ್ಶನ ಹಿರೇಕೆರೂರಿನ ನೆರೆಯ ತಾಲ್ಲೂಕಿನಲ್ಲಿಯೇ ಇದೆ. ರಾಣೇಬೆನ್ನೂರಿನ ಬಳಿ 119 ಚದರ ಕಿಲೋಮೀಟರುಗಳ ಅಭಯಾರಣ್ಯವೊಂದು 1974ರಲ್ಲಿ ಕೃಷ್ಣಮೃಗಗಳಿಗಾಗಿ ಸ್ಥಾಪನೆಯಾಯಿತು. ಹಿಂದೆ ಈ ಹುಲ್ಲುಗಾವಲು ಎರೆಭೂತವೆಂದೂ ಹೆಬ್ಬಕವೆಂದೂ ಕರೆಯುವ ಭಾರಿ ಪಕ್ಷಿಯ ನೆಲೆಯಾಗಿತ್ತು. ಒಂದು ಮೀಟರ್ ಎತ್ತರ, ಗಂಡಿಗಾದರೆ ಹದಿನೈದು ಕಿಲೋವರೆಗೆ ತೂಕ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರವಾದುವು ಜಗತ್ತಿನಲ್ಲಿಯೇ ಕೆಲವೇ.

ಹೆಬ್ಬಕಕ್ಕೆ ಬೇಕಾದುದು ಬಯಲು. ನಾಲ್ಕು ದಿಕ್ಕಿಗೂ ಕಣ್ಣು ಹಾಯುವಂತಿದ್ದರೆ ಮಾತ್ರ ಅದು ನೆಲದ ಮೇಲೆಯೇ ತನ್ನ ಮೊಟ್ಟೆಯನ್ನಿಟ್ಟು ಕಾವು ಕೊಡುತ್ತದೆ. ನಾವಾದರೋ ಬಯಲೆಂದರೆ ಬಂಜರು ಎಂದೆಣಿಸಿ, ಹಸಿರು ತುಂಬೋಣವೆಂದು ನೀಲಗಿರಿ ಗಿಡಗಳನ್ನು ಸಾಲುಸಾಲಾಗಿ ನೆಟ್ಟೆವು. ಗಿಡಗಳು ಬೆಳೆದುವು. ಕೃಷ್ಣಮೃಗಗಳು ಮಾರ್ಪಾಡಿಗೆ ಹೊಂದಿಕೊಂಡು ಸಾವಿರಾರಾದುವು. ಹೆಬ್ಬಕ ಮಾತ್ರ ಇಲ್ಲವಾಯಿತು. ಬೇಟೆ, ಬೇಸಾಯದ ವಿಸ್ತರಣೆ ಇವೂ ಕಾರಣಗಳೇ. ಆದರೆ ಬಯಲು ಮರೆಯಾದುದು ದೊಡ್ಡ ಕಾರಣ. ಇಂದು ಇಡೀ ದೇಶದ ಬಯಲುಗಳಲ್ಲಿ ಸ್ವತಂತ್ರವಾಗಿ ಬದುಕುತ್ತಿರುವ ಹೆಬ್ಬಕಗಳ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ.

ಮರ ನೆಡುವುದು ಪುಣ್ಯವೆಂದು ಬಾಲ್ಯದಿಂದ ಕಲಿತ ನಮಗೆ ಈ ಮಾತು ಕಸಿವಿಸಿಯನ್ನುಂಟುಮಾಡುತ್ತದೆ. ಆದರೆ ಒಬ್ಬರ ಮನೆಗೆ ಹಿತವಾದುದು ಇನ್ನೊಬ್ಬರ ಮನೆಗೂ ಹಿತವಾಗಬೇಕೆಂದೇನೂ ಇಲ್ಲವಷ್ಟೆ!

ಬಂಕಾಪುರದ ನವಿಲುಗಳು

ಇದಕ್ಕೆ ತೀರ ವಿರುದ್ಧವಾದ ಒಂದು ಚಿತ್ರವೂ ಅದೇ ಜಿಲ್ಲೆಯಲ್ಲಿದೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರವು ರಾಷ್ಟ್ರಕೂಟರ ಸಾಮಂತನಾದ ಬಂಕೇಶನ ಹೆಸರನ್ನು ಹೊತ್ತ ಊರು. ಅಲ್ಲಿಯ ಹಳೆಯ ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಹೆಸರಾದ ನಗರೇಶ್ವರ ದೇವಾಲಯವಿದೆ. ಕೋಟೆಯ ಆವರಣದಲ್ಲಿ ಖಿಲಾರಿ ತಳಿಯ ದನಗಳನ್ನು ಉಳಿಸಿ ಬೆಳೆಸುವ ಸರ್ಕಾರದ ಕೇಂದ್ರವಿದೆ. ದನಗಳಿಗಾಗಿ ಹುಲ್ಲನ್ನು ಬೆಳೆಸಿದರು; ಹೊರಗಿನವರ ಓಡಾಟಕ್ಕೆ ತಡೆಯಿಟ್ಟರು. ಕಂದಕದಲ್ಲಿ ಮುಳ್ಳುಪೊದೆಗಳು ದಟ್ಟವಾದುವು. ಆ ನೆಮ್ಮದಿಯನ್ನು ಕಂಡುಕೊಂಡು ನವಿಲುಗಳು ತಾವಾಗಿಯೇ ಬಂದು ನೆಲೆಸಿದುವು. ಪೊದೆಯ ಮರೆಯಲ್ಲಿ ಮೊಟ್ಟೆಯಿಟ್ಟು ಮರಿಮಾಡಿದುವು. 2006ರಲ್ಲಿ ಆ ಸ್ಥಳಕ್ಕೆ ನವಿಲುಧಾಮವೆಂಬ ಮಾನ್ಯತೆ ದೊರೆಯಿತು.

ರಾಷ್ಟ್ರಪಕ್ಷಿಯನ್ನು ಆಯುವ ಚರ್ಚೆ ನಡೆದಾಗ, ಹೆಸರಾಂತ ಪಕ್ಷಿತಜ್ಞ ಸಾಲಿಂ ಅಲಿಯವರು ಹೆಬ್ಬಕದ ಪರವಾಗಿ ವಾದಿಸಿದ್ದರು. 1963ರಲ್ಲಿ ಆ ಪಟ್ಟವು ನವಿಲಿಗೆ ಸಂದಿತು. ಒಂದೇ ಜಿಲ್ಲೆಯಲ್ಲಿ ಪಟ್ಟವೇರಿದ ಪಕ್ಷಿಯು ಕೋಟೆಯೊಳಗೆ ಗರಿಗೆದರಿ ಕುಣಿಯುತ್ತಿದೆ; ಪಟ್ಟ ತಪ್ಪಿದ ಪಕ್ಷಿಯು ನೆನಪಾಗಿ ಉಳಿದಿದೆ. ನಾವು ಒಂದನ್ನು ಪ್ರೀತಿಸಿದೆವು, ಇನ್ನೊಂದನ್ನು ದ್ವೇಷಿಸಿದೆವು ಎಂದೇನೂ ಅಲ್ಲ. ಒಂದಕ್ಕೆ ಬೇಕಾದುದು ಅಲ್ಲಿ ಅನಾಯಾಸವಾಗಿ ದೊರೆಯಿತು. ಇನ್ನೊಂದಕ್ಕೆ ಬೇಕಾದುದೇನೆಂದು ನಾವು ವಿಚಾರಿಸಲಿಲ್ಲ. ಹಕ್ಕಿಯನ್ನು ಉಳಿಸುವುದು ಬರಿಯ ಕನಿಕರದಿಂದ ಆಗುವ ಕೆಲಸವಲ್ಲ. ಕನಿಕರಕ್ಕೆ ಅರಿವೂ ಜೊತೆಗೂಡಬೇಕು.

ನಮ್ಮ ಕೈಯಲ್ಲಿರುವುದು

ಅರಿವು ಬಂದ ಮೇಲೆ ಕೆಲಸವೂ ನಡೆದಿದೆ. ಭಾರತ ಸರ್ಕಾರವು 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಶೀಶೆಗಳನ್ನು ಕೊಂಡು ದನಗಳಿಗೆ ಚುಚ್ಚುವವರು ಇದ್ದುದರಿಂದ, 2015ರಲ್ಲಿ ಆ ಶೀಶೆಗಳ ಅಳತೆಯನ್ನು ಮೂರು ಮಿಲಿಲೀಟರಿಗೆ ಇಳಿಸಲಾಯಿತು. ಹದ್ದುಗಳಿಗೆ ಅಷ್ಟೇ ಕೇಡು ಮಾಡುವ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳನ್ನು 2023ರಲ್ಲಿ ದನಗಳ ಚಿಕಿತ್ಸೆಯಿಂದ ತೆಗೆದುಹಾಕಲಾಯಿತು. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ, ಮರಿಮಾಡಿಸುವ ಕೇಂದ್ರ ಏರ್ಪಟ್ಟಿದೆ. ಬಂಗಾಳದ ರಾಜಾಭಾತ್‌ಖಾವಾದಲ್ಲಿರುವ ಅಂಥದೇ ಕೇಂದ್ರದಲ್ಲಿ ಬೆಳೆದ ಹದ್ದುಗಳನ್ನು 2021ರಲ್ಲಿ ಆಕಾಶಕ್ಕೆ ಬಿಡಲಾಯಿತು.

ಎಲ್ಲಕ್ಕಿಂತ ಸಂತೋಷದ ಸಂಗತಿಯೆಂದರೆ, ಎತ್ತಿನ ನೋವನ್ನೂ ತಗ್ಗಿಸಿ ಹದ್ದಿನ ಜೀವವನ್ನೂ ಉಳಿಸುವ ಔಷಧವಿದೆ. ಅದರ ಹೆಸರು ಮೆಲೋಕ್ಸಿಕ್ಯಾಮ್. ಎತ್ತೋ ಹದ್ದೋ ಎಂದು ಯಾರೂ ಆರಿಸಬೇಕಾಗಿಲ್ಲ.

ಪಟ್ಟಣದಲ್ಲಿರುವ ನಾವೇನು ಮಾಡಬಹುದು? ಊರಿನಲ್ಲಿ ದನ ಸಾಕಿರುವ ಬಂಧುಗಳು ನಮ್ಮಲ್ಲಿ ಅನೇಕರಿಗೆ ಉಂಟು. ಹಬ್ಬಕ್ಕೆ ಹೋದಾಗ ಈ ಎರಡು ಹೆಸರುಗಳನ್ನು ಅವರಿಗೆ ತಿಳಿಸಬಹುದು: ಒಂದು ಬೇಡ, ಇನ್ನೊಂದು ಇರಲಿ. ಮನುಷ್ಯರ ಔಷಧವನ್ನು ದನಗಳಿಗೆ ಹಾಕದಂತೆ, ಬೀದಿನಾಯಿಗಳನ್ನೋ ಚಿರತೆಯನ್ನೋ ಕೊಲ್ಲಲು ಕಳೇಬರಕ್ಕೆ ವಿಷ ಬೆರೆಸದಂತೆ ಹೇಳಬಹುದು. ರಾಮದೇವರ ಬೆಟ್ಟಕ್ಕೆ ಹೋದವರು ಗದ್ದಲವೆಬ್ಬಿಸದೆ, ಗೂಡುಗಳಿರುವ ಬಂಡೆಯನ್ನು ದೂರದಿಂದ ನೋಡಿ ಬರಬಹುದು.

ಈ ವಿಷಯಗಳನ್ನೆಲ್ಲ ತಿಳಿದುಕೊಂಡು ದಸರೆಗೆ ಮತ್ತೆ ಹಿರೇಕೆರೂರಿನ ಕಡೆಗೆ ಹೋದಾಗ, ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ದೊಡ್ಡಪ್ಪನವರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, ಬಹು ವರ್ಷಗಳ ಹಿಂದೆ ತಮ್ಮ ಕೈಯಾರೆ ಸಾಕಿದ ಎತ್ತೊಂದು ಕಾಲು ಮುರಿದುಕೊಂಡು ನರಳಿದುದನ್ನು ನೆನೆದರು.

“ಅದರ ಸಂಕಟ ನೋಡಲಾರದ ನಾನೂ ಆ ಸೂಜಿ ಹಾಕ್ಸಿದ್ನೆಪಾ. ಎರಡು ದಿನಕ್ಕ ಸತ್ತಹೋತು. ಅದೇ ಬಯಲಿಗೆ ಎಳಸಿ ಹಾಕಿದ್ವಿ.” ಅವರ ದನಿ ತಗ್ಗಿತು. “ಆವತ್ತು ಹದ್ದು ಬಂದಿದ್ವು. ಭಾಳ ಬಂದಿದ್ವು.”

ಆ ಹದ್ದುಗಳು ಏನಾದುವೆಂಬುದನ್ನು ಬಲ್ಲವರಾರು? ತಿಳಿಯದೆ ಮಾಡಿದುದಕ್ಕೆ ದೋಷವಿಲ್ಲವೆಂದು ಸಮಾಧಾನ ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ಇದ್ದಿಲ ಚೂರನ್ನು ತಂದು ನನ್ನ ಮಗಳ ಕೈಗಿತ್ತರು.

“ಆ ಒಳ್ಳೇ ಔಷಧದ ಹೆಸರು ಇಲ್ಲಿ ಬರಿಯವ್ವಾ, ದೊಡ್ಡ ಅಕ್ಷರದಾಗ. ದನದ ಡಾಕ್ಟರು ಬಂದಾಗ ಇದನ್ನ ತೋರಸ್ತೀನಿ.”

ಸುಣ್ಣ ಬಳಿದ ಕೊಟ್ಟಿಗೆಯ ಗೋಡೆಯ ಮೇಲೆ, ಬಾಗಿಲ ಪಕ್ಕದಲ್ಲಿ, ಆ ಹೆಸರು ಈಗ ಮಗುವಿನ ಸೊಟ್ಟ ಅಕ್ಷರಗಳಲ್ಲಿದೆ. ಬಯಲಿನ ಮೇಲಿನ ಆಕಾಶ ಇನ್ನೂ ಬರಿದಾಗಿಯೇ ಇದೆ. ವರ್ಷಕ್ಕೊಂದೇ ಮರಿಯನ್ನು ಬೆಳೆಸುವ ಹಕ್ಕಿಯು ಹಿಂದಿರುಗಿ ಬರಲು ಕಾಲ ಹಿಡಿಯುತ್ತದೆ. ಆದರೆ ಬಂದ ದಿನ ಅದಕ್ಕೆ ವಿಷದ ಊಟ ಬಡಿಸಬಾರದು ಎಂಬಷ್ಟನ್ನು ಆ ಮನೆಯವರು ಕಲಿತಿದ್ದಾರೆ.